ಬೆಟ್ಟ ಮೊದಲು, ಮರಳು ಆಮೇಲೆ

ಮುಡುಕುತೊರೆ, ತಲಕಾಡು, ತಿರುಮಕೂಡಲು, ಸೋಮನಾಥಪುರ. ಮೈಸೂರಿನಿಂದ ಬೆಳಿಗ್ಗೆ ಹೊರಟವರು ಇಷ್ಟನ್ನೂ ಒಂದೇ ದಿನದಲ್ಲಿ ನೋಡಬಹುದು. ಮನೆಗೆ ಬಂದ ನೆಂಟರನ್ನೂ ಮಕ್ಕಳನ್ನೂ ಕರೆದುಕೊಂಡು ಈ ಸುತ್ತು ಹಾಕುತ್ತಲೇ ಬಂದಿದ್ದೇನೆ. ನೋಡುವ ಕ್ರಮ ಸರಿಯಿದ್ದರೆ ಇಲ್ಲಿ ಒಂದು ಜಾಗ ಇನ್ನೊಂದನ್ನು ಅರ್ಥಮಾಡಿಸುತ್ತದೆ. ಇಲ್ಲವಾದರೆ ಸಂಜೆಗೆ ನೆನಪಿನಲ್ಲಿ ಉಳಿಯುವುದು ಗುಡಿಗಳ ಹೆಸರು ಮಾತ್ರ.

ಹೆಚ್ಚಿನವರು ನೇರ ತಲಕಾಡಿಗೆ ಹೋಗಿ, ಹೊತ್ತು ಉಳಿದರೆ ಮುಡುಕುತೊರೆಗೆ ಬರುತ್ತಾರೆ. ನಾನು ಮೊದಲು ಬೆಟ್ಟ ಹತ್ತಿಸುತ್ತೇನೆ. ಬಿಸಿಲೇರುವ ಮುಂಚೆ ಮೆಟ್ಟಿಲೇರಿ, ಮಲ್ಲಿಕಾರ್ಜುನನಿಗೂ ಭ್ರಮರಾಂಬೆಗೂ ಕೈಮುಗಿದು, ಕೆಳಗೆ ನೋಡುತ್ತಾ ನಿಲ್ಲಬೇಕು. ಹಸಿರು ಬಯಲಿನ ನಡುವೆ ಕಾವೇರಿ ಬಳುಕಿ ತಿರುಗುವುದು ಅಲ್ಲಿಂದ ಕಾಣುತ್ತದೆ. ಆಮೇಲೆ ದಿನವಿಡೀ ನೋಡುವುದಕ್ಕೆಲ್ಲ ಈ ಹೊಳೆಯೇ ಕಾರಣ. ಅದನ್ನು ಮೇಲಿನಿಂದ ಕಂಡ ಮಕ್ಕಳು ತಲಕಾಡಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಮಾಘಮಾಸದ ಜಾತ್ರೆಗೆ ಬರುವುದಾದರೆ ಮಾತ್ರ ಬೇರೇನನ್ನೂ ಇಟ್ಟುಕೊಳ್ಳಬೇಡಿ. ತೇರು, ತೆಪ್ಪೋತ್ಸವ, ಸಾಲುಸಾಲಾಗಿ ಕಟ್ಟಿದ ಹಳ್ಳಿಕಾರ್ ಎತ್ತುಗಳು, ರಾಸುಗಳ ಹಲ್ಲು ನೋಡಿ ವ್ಯಾಪಾರ ಕುದುರಿಸುವ ರೈತರು: ಅದಕ್ಕೇ ಒಂದು ದಿನ ಸಾಲದು.

ಬೆಟ್ಟ ಇಳಿದ ಕೂಡಲೇ ತಲಕಾಡು. ಮಧ್ಯಾಹ್ನದ ಮರಳು ಅಂಗಾಲು ಸುಡುತ್ತದೆ, ಗುಡಿಗಳ ಬಾಗಿಲೂ ಹಾಕುತ್ತಾರೆ. ಹಾಗಾಗಿ ಹತ್ತು ಗಂಟೆಯೊಳಗೆ ಅಲ್ಲಿರುವುದು ಒಳ್ಳೆಯದು. ವಯಸ್ಸಾದವರಿಗೆ ದಪ್ಪ ಕಾಲುಚೀಲ ಹಾಕಿಸಿ, ನೀರು ಜೊತೆಗಿರಲಿ. ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಮರಳಿನ ನಡುವೆ ಕೆಳಗಿಳಿದು ಹೋಗಬೇಕು. ಇವೆರಡು, ವೈದ್ಯನಾಥೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ ಸೇರಿ ಪಂಚಲಿಂಗಗಳು. ಕಾರ್ತಿಕಮಾಸದ ಸೋಮವಾರ ಅಪರೂಪದ ಯೋಗ ಕೂಡಿಬಂದಾಗ ನಡೆಯುವ ಪಂಚಲಿಂಗ ದರ್ಶನ 2013ರಲ್ಲಿ, ಆಮೇಲೆ 2020ರಲ್ಲಿ ನಡೆಯಿತು. ಆ ಜನಜಂಗುಳಿಯಲ್ಲಿ ದೇವರನ್ನು ನೋಡಬಹುದು, ಊರನ್ನು ನೋಡಲಾಗದು. ಊರು ನೋಡಲು ಸಾಧಾರಣ ದಿನವೇ ಸರಿ.

ಗಂಗರ ರಾಜಧಾನಿಯಾಗಿ, ಚೋಳರ ಕೈಸೇರಿ, 1117ರ ಹೊತ್ತಿಗೆ ವಿಷ್ಣುವರ್ಧನನ ಕೀರ್ತಿನಾರಾಯಣ ಗುಡಿ ಎದ್ದ ಊರಿದು. ಇಂಥ ಊರು ಮರಳಿನಡಿ ಹೋದದ್ದು ಹೇಗೆ? ಅಲಮೇಲಮ್ಮನ ಶಾಪದ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ, ಅದು ಈ ಸೀಮೆಯ ನೋವಿನ ನೆನಪು. ಅದರ ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ. ಇಲ್ಲಿ ಹೊಳೆ ತಿರುವಿನಲ್ಲಿ ಮರಳು ಇಳಿಸಿತು, ಮುಂಗಾರಿನ ಗಾಳಿ ಅದನ್ನು ಹೊತ್ತು ಊರ ಮೇಲೆ ಸುರಿಯಿತು. ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆಯಿಂದ ನೀರಿನ ಹರಿವು ತಗ್ಗಿ, ಮರಳಿನ ಪಾತ್ರ ಗಾಳಿಗೆ ತೆರೆದುಕೊಂಡಿತೆಂದು ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ವಾದ. ಬೆಳಿಗ್ಗೆ ಬೆಟ್ಟದಿಂದ ಹೊಳೆ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ.

ಒಂದು ಮಾತು ಎಲ್ಲಕ್ಕಿಂತ ಮುಖ್ಯ. ತಲಕಾಡಿನ ಹೊಳೆದಂಡೆ ಕಡಲತೀರದಂತೆ ಕಂಡು ಈಜು ಬರದವರನ್ನೂ ಕರೆಯುತ್ತದೆ. ಪ್ರಾಣ ಕಳೆದುಕೊಂಡವರು ಎಷ್ಟೋ ಮಂದಿ. ತೆಪ್ಪ ನಡೆಸುವವರೊಬ್ಬರು ನನಗೆ ಹೇಳಿದ್ದು: ‘ಮ್ಯಾಲೆ ನೋಡಕ್ಕೆ ಮಳ್ಳು, ಒಂದೆಜ್ಜೆ ಮುಂದಿಟ್ರೆ ಮಡು ಕಣಣ್ಣ.’ ಮಕ್ಕಳ ಕೈ ಬಿಡಬೇಡಿ. ಮೊಣಕಾಲುದ್ದದ ನೀರು ದಾಟಬೇಡಿ. ದಂಡೆಯವರು ಬೇಡವೆಂದರೆ ಬೇಡ.

ಊಟದ ಹೊತ್ತಿಗೆ ತಿರುಮಕೂಡಲಿಗೆ ಬಂದರೆ ಕಾವೇರಿ, ಕಪಿಲೆ ಕೂಡುವ ಜಾಗ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಸೇರುತ್ತದೆಂದು ನಂಬಿಕೆ, ಅದಕ್ಕೇ ತ್ರಿವೇಣಿ ಸಂಗಮ. 1989ರಿಂದ ಇಲ್ಲಿ ಕುಂಭಮೇಳ ನಡೆದುಬಂದಿದೆ. ಅಗಸ್ತ್ಯೇಶ್ವರ, ಗುಂಜಾ ನರಸಿಂಹ ಎರಡೂ ಹತ್ತಿರವೇ. ಗುಡಿಯ ಬಾಗಿಲು ತೆರೆಯುವವರೆಗೆ ಸೋಪಾನದಲ್ಲಿ ಕೂತು ಬುತ್ತಿ ಬಿಚ್ಚಿದರಾಯಿತು.

ಸೋಮನಾಥಪುರವನ್ನು ನಾಲ್ಕು ಗಂಟೆಯ ಓರೆ ಬಿಸಿಲಿಗೆ ಇಟ್ಟುಕೊಳ್ಳಿ. ಬಳಪದ ಕಲ್ಲಿನ ಕೆತ್ತನೆ ಆಗ ಎದ್ದು ಕಾಣುತ್ತದೆ. ದಂಡನಾಯಕ ಸೋಮನಾಥ ಕಟ್ಟಿಸಿದ ಈ ಕೇಶವ ಗುಡಿ 2023ರಲ್ಲಿ ಬೇಲೂರು, ಹಳೇಬೀಡಿನೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿಗ್ರಹಗಳ ಬುಡದಲ್ಲಿ ಶಿಲ್ಪಿಗಳ ಹೆಸರು ಹುಡುಕಲು ಮಕ್ಕಳಿಗೆ ಹೇಳಿ. ಮಲ್ಲಿತಮ್ಮನ ಹೆಸರು ಸಿಕ್ಕೇ ಸಿಗುತ್ತದೆ.

ನಂಜನಗೂಡನ್ನು ಇದೇ ದಿನಕ್ಕೆ ತುರುಕಬೇಡಿ. ಶ್ರೀಕಂಠೇಶ್ವರನ ಗುಡಿಗೂ ಕಪಿಲೆಯ ಸೇತುವೆಗೂ ಇನ್ನೊಂದು ದಿನ ಕೊಡಿ. ಹೊತ್ತು ಸಾಲದೇ ಹೋದರೆ ಸೋಮನಾಥಪುರವನ್ನೂ ಮುಂದಿನ ಸಲಕ್ಕೆ ಉಳಿಸಬಹುದು, ಬಸ್ಸು ಕಾರುಗಳು ದಿನವೂ ಇವೆ. ಮುಡುಕುತೊರೆಯ ಬೆಟ್ಟವನ್ನು ಮಾತ್ರ ಬಿಡಬೇಡಿ. ಹೊಳೆಯ ದಾರಿ ತಿಳಿಯದೆ ಈ ಸೀಮೆಯ ಒಂದು ಗುಡಿಯೂ ಪೂರ್ತಿ ತಿಳಿಯುವುದಿಲ್ಲ.