ಚರ್ಮದ ಬ್ಯಾಗು: ಕೊಳ್ಳುವ ಮುನ್ನ ಎತ್ತಿ ನೋಡಿ

ದಿನವೂ ಕಚೇರಿಗೆ ಬ್ಯಾಗು ಹೊರುವವರಲ್ಲಿ ಒಂದೇ ಬದಿಯ ಹೆಗಲು, ಕುತ್ತಿಗೆ ನೋವೆಂದು ಬರುವವರು ಕಡಿಮೆಯಿಲ್ಲ. ಭಾರ ಒಂದು ಕಡೆ ಬಿದ್ದಾಗ ದೇಹ ಇನ್ನೊಂದು ಕಡೆಗೆ ವಾಲುತ್ತದೆ. ಕುತ್ತಿಗೆ, ಸೊಂಟದ ಸ್ನಾಯುಗಳು ದಣಿಯುತ್ತವೆ.

ಆದ್ದರಿಂದ ಚರ್ಮದ ಬ್ಯಾಗು ಕೊಳ್ಳುವಾಗ ಮೊದಲು ಖಾಲಿ ಬ್ಯಾಗನ್ನೇ ಎತ್ತಿ ನೋಡಿ. ದಪ್ಪ ಚರ್ಮದ್ದಾದರೆ ಅದೇ 2 ಕಿಲೊ ತೂಗಬಹುದು. ಲ್ಯಾಪ್‌ಟಾಪ್, ಊಟದ ಡಬ್ಬಿ, ನೀರಿನ ಬಾಟಲಿ ಸೇರಿದರೆ 5 ಕಿಲೊ ಮುಟ್ಟುತ್ತದೆ. ಹಿಡಿ ದುಂಡಗೆ, ದಪ್ಪಗಿರಲಿ. ತೆಳು ಹಿಡಿ ಬೆರಳುಗಳನ್ನು ಒತ್ತುತ್ತದೆ. ಹೆಗಲ ಪಟ್ಟಿ ಅಗಲವಾಗಿರಲಿ. ಹಿಡಿ, ಪಟ್ಟಿಗಳು ಬ್ಯಾಗಿಗೆ ಸೇರುವಲ್ಲಿ ಹೊಲಿಗೆ ಒತ್ತಾಗಿ, ಗಟ್ಟಿಯಾಗಿರಬೇಕು. ಅಂಚಿನಲ್ಲಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಕಂಡರೆ ಅದು ಚರ್ಮವಲ್ಲ, ರೆಕ್ಸಿನ್.

ಚರ್ಮ ಹದ ಮಾಡಲು ಹೆಚ್ಚಾಗಿ ಕ್ರೋಮಿಯಂ ಲವಣ ಬಳಸುತ್ತಾರೆ. ಕೆಲವರಿಗೆ ಇದು, ಇನ್ನು ಕೆಲವರಿಗೆ ಬಕಲ್‌ನ ನಿಕ್ಕಲ್ ಒಗ್ಗದೆ, ತಾಗಿದ ಕಡೆ ತುರಿಕೆ, ಇಸುಬು ಕಾಣಿಸುತ್ತದೆ. ವಾಚಿನ ಪಟ್ಟಿ, ಚಪ್ಪಲಿಯಿಂದ ಹಿಂದೆ ಹೀಗಾಗಿದ್ದರೆ, ಮರದ ತೊಗಟೆಯಿಂದ ಹದ ಮಾಡಿದ ಚರ್ಮವಿದೆಯೇ ಎಂದು ಕೇಳಿ.

ವಾರಕ್ಕೊಮ್ಮೆ ಬ್ಯಾಗು ಖಾಲಿ ಮಾಡಿ ಬೇಡದ್ದನ್ನು ತೆಗೆಯಿರಿ. ಆಗಾಗ ಹೆಗಲು ಬದಲಿಸಿ. ನೋವು ತೋಳಿಗೆ ಇಳಿದರೆ, ಬೆರಳುಗಳು ಜೋಮು ಹಿಡಿದರೆ ಮುಲಾಮು ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸಿ.