ಕೆಮ್ಮಣ್ಣಿನಿಂದ ಯುರೋಪಿಗೆ: ಸ್ಟೇರಿಂಗ್ ಹಿಡಿಯುವ ಮುನ್ನ ಒಂಬತ್ತು ಸೂತ್ರ

ಕೆಮ್ಮಣ್ಣಿನ ತೂಗುಸೇತುವೆಯಲ್ಲಿ ಎದುರುಬದುರಾದ ಇಬ್ಬರು ಯಾರು ಸರಿದು ನಿಲ್ಲಬೇಕೆಂದು ಕಣ್ಣಲ್ಲೇ ತೀರ್ಮಾನಿಸುತ್ತಾರೆ. ಉಡುಪಿಯ ಕಲ್ಸಂಕ ವೃತ್ತದಲ್ಲಿ ಆ ತೀರ್ಮಾನ ಹಾರ್ನಿನದು. ಯುರೋಪಿನಲ್ಲಿ ಅದನ್ನು ಫಲಕವೋ ನಿಯಮವೋ ಮೊದಲೇ ಹೇಳಿಬಿಟ್ಟಿರುತ್ತದೆ, ಆದರೆ ದೇಶಕ್ಕೊಂದು ಬಗೆ. ಮಣಿಪಾಲದಲ್ಲಿ ಓದಿ ಜರ್ಮನಿಗೆ ಹೊರಟ ಮಕ್ಕಳಿಗೂ, ಅವರನ್ನು ನೋಡಲು ಹೋಗಿ ಬಾಡಿಗೆ ಕಾರು ಹಿಡಿಯುವ ಅಪ್ಪಂದಿರಿಗೂ ಇಷ್ಟು ಗೊತ್ತಿರಲಿ.

1. ಕಾಗದ ಊರಲ್ಲೇ ಮಾಡಿಸಿ. ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯ ಆಯುಷ್ಯ 1 ವರ್ಷ, ಅದೂ ಮೂಲ ಲೈಸೆನ್ಸ್ ಜೊತೆಗಿದ್ದರೆ ಮಾತ್ರ. ನೆಲೆಸಲು ಹೋದವರಿಗೆ ನಮ್ಮ ಲೈಸೆನ್ಸ್ ಜರ್ಮನಿಯಲ್ಲಿ 6 ತಿಂಗಳು, ಬ್ರಿಟನ್ನಿನಲ್ಲಿ 12 ತಿಂಗಳು ನಡೆಯುತ್ತದೆ. ಆಮೇಲೆ ಅಲ್ಲಿನ ಪರೀಕ್ಷೆ. ಆಗುಂಬೆ ಘಾಟಿಯಲ್ಲಿ ಇಪ್ಪತ್ತು ವರ್ಷ ಓಡಿಸಿದ್ದೇನೆ ಎಂದರೆ ಯಾರೂ ಕೇಳುವುದಿಲ್ಲ ಮಾರಾಯ್ರೆ.

2. ಎಡವೋ ಬಲವೋ ನೋಡಿಕೊಳ್ಳಿ. ಬ್ರಿಟನ್, ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ಗಳಲ್ಲಿ ನಮ್ಮಂತೆ ಎಡ, ಉಳಿದೆಡೆ ಬಲ. ಸ್ವೀಡನ್ ಕೂಡ ಎಡದಲ್ಲೇ ಇತ್ತು, 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶ ಬಲಕ್ಕೆ ದಾಟಿತು.

3. 'ಫ್ರೀ ಲೆಫ್ಟ್' ಮರೆತುಬಿಡಿ. ಕೆಂಪು ದೀಪವಿದ್ದಾಗ ಬಲಕ್ಕೆ ನುಸುಳುವುದು ಸಾಮಾನ್ಯವಾಗಿ ಅಪರಾಧ. ಜರ್ಮನಿಯಲ್ಲಿ ಕೆಂಪು ದೀಪದ ಪಕ್ಕ ಹಸಿರು ಬಾಣದ ಪುಟ್ಟ ತಗಡು ಕಂಡರೆ ತಿರುಗಬಹುದು, ಆದರೆ ಗಾಡಿ ಪೂರ್ತಿ ನಿಲ್ಲಿಸಿದ ಮೇಲೆ. ಹಳೆಯ ಪೂರ್ವ ಜರ್ಮನಿಯ ಈ ಪದ್ಧತಿ ದೇಶ ಒಂದಾದ ಮೇಲೂ ಉಳಿದುಕೊಂಡಿತು.

4. ಬಲಗಡೆಯವರಿಗೆ ದಾರಿ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ದೀಪವೂ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಜರ್ಮನಿ, ಫ್ರಾನ್ಸ್‌ಗಳಲ್ಲಿ ಬಲದಿಂದ ಬರುವವರದೇ ಮೊದಲ ಸರದಿ. ಅದು ಸಣ್ಣ ಓಣಿಯಾಗಿರಲಿ, ನಿಮ್ಮದು ದೊಡ್ಡ ರಸ್ತೆಯಾಗಿರಲಿ, ನಿಲ್ಲಬೇಕಾದವರು ನೀವು. ಬಿಳಿ ಅಂಚಿನ ಹಳದಿ ವಜ್ರಾಕೃತಿಯ ಫಲಕ ಕಂಡರೆ ಸರದಿ ನಿಮ್ಮದು. ಅದೇ ಫಲಕಕ್ಕೆ ಅಡ್ಡಗೆರೆ ಎಳೆದಿದ್ದರೆ ಆ ಸವಲತ್ತು ಮುಗಿಯಿತು. ಬ್ರಿಟನ್ನಿನಲ್ಲಿ ಈ ನಿಯಮವೇ ಇಲ್ಲ. ತಮಾಷೆಯೆಂದರೆ ಬಲದವರಿಗೆ ದಾರಿ ಬಿಡಬೇಕೆಂದು ನಮ್ಮ ದೇಶದ ನಿಯಮದಲ್ಲೂ ಬರೆದಿದೆ. ಉಡುಪಿಯ ಸಂತೆಕಟ್ಟೆಯಲ್ಲಿ ಯಾರಿಗಾದರೂ ಹೇಳಿ ನೋಡಿ!

5. ದೀಪದ ಭಾಷೆ ಕಲಿಯಿರಿ. ಜರ್ಮನಿ, ಬ್ರಿಟನ್‌ಗಳಲ್ಲಿ ಹಸಿರಿಗೆ ಮೊದಲು ಕೆಂಪು ಹಳದಿ ಒಟ್ಟಿಗೆ ಉರಿಯುತ್ತವೆ. ಫ್ರಾನ್ಸಿನಲ್ಲಿ ಕೆಂಪಿನಿಂದ ನೇರ ಹಸಿರು. ಆಸ್ಟ್ರಿಯದಲ್ಲಿ ಹಸಿರು ಮಿಣುಕತೊಡಗಿದರೆ ಅದು ಮುಗಿಯುತ್ತ ಬಂತೆಂದು ಅರ್ಥ.

6. ಫಲಕದ ಬಣ್ಣ ನಂಬಬೇಡಿ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಹೆದ್ದಾರಿಯ ಫಲಕ ನೀಲಿ. ಇಟಲಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹಸಿರು. ನೀಲಿ ಹಿಡಿದು ಹೊರಟವರು ಗಡಿ ದಾಟಿದೊಡನೆ ಹಳ್ಳಿ ಸುತ್ತುತ್ತಾರೆ.

7. ಮಳೆಗೂ ವೇಗಮಿತಿ ಇದೆ. ಫ್ರಾನ್ಸಿನ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110. ನಮ್ಮ ಆಟಿ ತಿಂಗಳ ಮಳೆಗೆ ಎಷ್ಟಿಡಬೇಕೋ! ನೆದರ್‌ಲೆಂಡ್ಸ್‌ನಲ್ಲಿ 2020ರಿಂದ ಹೆಚ್ಚಿನೆಡೆ ಹಗಲಿಗೆ 100. ಜರ್ಮನಿಯಲ್ಲಿ ಕೆಲವೆಡೆ ಮಿತಿಯೇ ಇಲ್ಲ, ಆದರೆ ಅಲ್ಲಿನ ಹೆದ್ದಾರಿ ಆಟೋಬಾನಿನಲ್ಲಿ ಪೆಟ್ರೋಲ್ ಖಾಲಿಯಾಗಿ ನಿಂತರೆ ದಂಡ ಬೀಳುತ್ತದೆ.

8. ಹಾರ್ನ್ ಮುಟ್ಟಬೇಡಿ, ಬಿಯರನ್ನೂ. ಜರ್ಮನಿಯ ಊರೊಳಗೆ ಅಪಾಯವಿದ್ದರೆ ಮಾತ್ರ ಹಾರ್ನ್. ನಮ್ಮಲ್ಲಿ ಹೆಡ್‌ಲೈಟ್ ಮಿನುಗಿಸಿದರೆ 'ನಾನು ಬಂದೆ, ನಿಲ್ಲು'. ಬ್ರಿಟನ್ನಿನ ರೂಢಿಯಲ್ಲಿ 'ನೀವು ಹೋಗಿ'. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನಷ್ಟು ಗತ್ತು ಸ್ವಿಟ್ಜರ್ಲೆಂಡಿನ ಹಳದಿ ಅಂಚೆ ಬಸ್ಸಿಗೆ ಮಾತ್ರ: ನೀಲಿ ಫಲಕದಲ್ಲಿ ಹಳದಿ ಕಹಳೆ ಇರುವ ಬೆಟ್ಟದ ರಸ್ತೆಯಲ್ಲಿ ಅದರ ಚಾಲಕ ಹೇಳಿದಂತೆ ನೀವು ಹಿಂದೆ ಸರಿಯಬೇಕು. ಇನ್ನು ಬಿಯರಿಗೆ ಹೆಸರಾದ ಝೆಕ್ ದೇಶದಲ್ಲಿ ಚಾಲಕನಿಗೆ ಒಂದು ಗುಟುಕೂ ಇಲ್ಲ.

9. ಆಂಬುಲೆನ್ಸಿಗೆ ಮೊದಲೇ ದಾರಿ ತೆರೆಯಿರಿ. ಜರ್ಮನಿ, ಆಸ್ಟ್ರಿಯಗಳ ಹೆದ್ದಾರಿಯಲ್ಲಿ ವಾಹನಗಳು ನಿಲ್ಲತೊಡಗಿದ ಕೂಡಲೇ, ಸೈರನ್ ಕೇಳುವ ಮೊದಲೇ, ತೀರಾ ಎಡಸಾಲಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಸರಿಯಬೇಕು. ನಡುವೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಕುಂದಾಪುರದಿಂದ, ಕಾಪುವಿನಿಂದ, ಕಾರ್ಕಳದಿಂದ ಮಣಿಪಾಲದ ಆಸ್ಪತ್ರೆಯ ಕಡೆಗೆ ಆಂಬುಲೆನ್ಸ್‌ಗಳು ಓಡುತ್ತಲೇ ಇರುತ್ತವೆ. ಊರಿಗೆ ವಾಪಸ್ ಬರುವಾಗ ಚಾಕೊಲೇಟ್ ತಾರದಿದ್ದರೂ ದಾರಿ ಬಿಡುವ ಈ ಅಭ್ಯಾಸವೊಂದನ್ನು ತನ್ನಿ.