ಮೊದಲು ಹಾಸಿಗೆ ಎಣಿಸು

ಪುಟ್ಟಿ, ನೀಟ್ ಫಲಿತಾಂಶ ಬಂದ ಮೇಲೆ ಪುಣೆಯ ನಮ್ಮ ಸದಾಶಿವ ಪೇಠೆಯ ಗೋಡೆಗಳ ಮೇಲೆ ಹೊಸ ಚೀಟಿಗಳು ಬಂದಿವೆ. ಓದಲು ಕೂರುವ ಅಭ್ಯಾಸಿಕೆ, ಮೆಸ್ಸು, ಮಂಚದ ಲೆಕ್ಕದ ಕಾಟ್ ಬೇಸಿಸ್ ಖೋಲಿಗಳ ಜಾಹೀರಾತಿನ ಮೇಲೆಯೇ ‘ಪರದೇಶದಲ್ಲಿ ಎಂ.ಬಿ.ಬಿ.ಎಸ್., ಡೊನೇಶನ್ ಇಲ್ಲ’ ಅಂತ ಅಂಟಿಸಿದ್ದಾರೆ. ನಿಮ್ಮಪ್ಪ ವಿಜಯಪುರದಿಂದ ಫೋನು ಮಾಡಿ, ‘ಕಾಕಾ, ಟಿಳಕ ರೋಡಿನಾಗ ಪುಕ್ಕಟೆ ಸೆಮಿನಾರ್ ಐತಂತ, ಪುಟ್ಟೀನ ಕರಕೊಂಡು ಹೋಗ್ರಿ’ ಅಂದ. ಹೋಗೋಣ, ಚಹಾ ಬಿಸ್ಕೀಟಾದರೂ ಸಿಗುತ್ತದೆ. ಅದಕ್ಕೂ ಮೊದಲು ಈ ಮುದುಕ ಡಾಕ್ಟರು ಬರೆದಿಟ್ಟದ್ದನ್ನು ಓದು, ನಿಮ್ಮಪ್ಪನಿಗೂ ಓದಿ ಹೇಳು.

• ಹೊರದೇಶದ ಡಿಗ್ರಿ ಅಂದಕೂಡಲೇ ಮೂಗು ಮುರಿಯುವವರ ಮಾತು ಕೇಳಬೇಡ. ಆನಂದಿಬಾಯಿ ಜೋಶಿ 1886ರಲ್ಲಿ ಎಂ.ಡಿ. ಪಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡು ಅವರಿಗಾಗಿ ಕಾದಿತ್ತು. ಮರುವರ್ಷ ಫೆಬ್ರವರಿಯಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡರು, ಇಪ್ಪತ್ತೆರಡು ಇನ್ನೂ ತುಂಬಿರಲಿಲ್ಲ. ಡಿಗ್ರಿ ಪರದೇಶದ್ದೆಂದು ಆ ಆಸ್ಪತ್ರೆ ಬೇಡವೆನ್ನಲಿಲ್ಲ. ಇನ್ನೊಬ್ಬರಿಗೆ ನಮ್ಮ ನಾಡೂ ಪರದೇಶವೇ. 1997ರಲ್ಲಿ ಶುರುವಾದ ಮೆಲಾಕಾ ಮಣಿಪಾಲ ಕಾಲೇಜಿನ ಮಲೇಶಿಯಾದ ಮಕ್ಕಳು ಅರ್ಧ ಕೋರ್ಸನ್ನು ಮಣಿಪಾಲದಲ್ಲಿ ಓದಿ, ಉಳಿದರ್ಧಕ್ಕೆ ತಮ್ಮ ದೇಶಕ್ಕೆ ಮರಳುತ್ತಿದ್ದರು. ಬೆಳಗಾವಿಯಲ್ಲಿ 2010ರಿಂದ ಕೆ.ಎಲ್.ಇ. ಸಂಸ್ಥೆಯ ಜೊತೆ ಸೇರಿ ಮಲೇಶಿಯಾದ ಸರಕಾರಿ ವಿಶ್ವವಿದ್ಯಾಲಯವೊಂದು ತನ್ನ ಮಕ್ಕಳಿಗೆ ಪಾಠ ಮಾಡಿಸಿತು. ಕಲಿಸುವ ದೊಡ್ಡ ಆಸ್ಪತ್ರೆ ಬೆನ್ನಿಗಿದ್ದದ್ದರಿಂದಲೇ ಇವೆಲ್ಲ ನಡೆದವು.

• ಆದ್ದರಿಂದ ಮೊದಲು ಹಾಸಿಗೆ ಎಣಿಸು. ಬ್ರೋಷರಿನಲ್ಲಿ ಕಟ್ಟಡ, ಹಿಮ, ಭಾರತೀಯ ಮೆಸ್ಸಿನ ಪರೋಠಾ ಎಲ್ಲ ಇರುತ್ತದೆ, ವಾರ್ಡಿನ ಫೋಟೋ ಮಾತ್ರ ಇರುವುದಿಲ್ಲ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೋ, ಊರಿನ ಯಾವುದೋ ಆಸ್ಪತ್ರೆಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಒಯ್ಯುತ್ತಾರೋ? ಎಷ್ಟು ಹಾಸಿಗೆ, ಒಬ್ಬ ರೋಗಿಯ ಸುತ್ತ ಎಷ್ಟು ಮಕ್ಕಳು? ಹೆರಿಗೆ ಕೋಣೆಯಲ್ಲಿ ನಿನ್ನನ್ನು ನಿಲ್ಲಿಸುತ್ತಾರೋ, ಗಾಜಿನಾಚೆ ನಿಲ್ಲಿಸುತ್ತಾರೋ?

ಇದರ ಬೆನ್ನಿಗೇ ಕೇಳಬೇಕಾದ್ದು: ರೋಗಿ ಮಾತಾಡುವ ಭಾಷೆ ಯಾವುದು? ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ರಶಿಯಾದಲ್ಲಿ ಪಾಠ ಇಂಗ್ಲಿಷಿನಲ್ಲಿ ಆಗಬಹುದು. ಆದರೆ ಹೊಟ್ಟೆ ಹಿಡಿದುಕೊಂಡು ಬಂದ ಮುದುಕಿ ನಿನ್ನೊಡನೆ ಇಂಗ್ಲಿಷ್ ಆಡುವುದಿಲ್ಲ. ಧಾರವಾಡ ಬಿಟ್ಟು ಇಲ್ಲಿ ಪ್ರಾಕ್ಟೀಸಿಗೆ ಕೂತಾಗ, ಮರಾಠಿ ಅಷ್ಟಿಷ್ಟು ಬರುತ್ತಿದ್ದರೂ, ಪೇಠೆಯ ಅಜ್ಜಿಯಂದಿರ ನೋವಿನ ವರ್ಣನೆ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಅಲ್ಲಿನ ಭಾಷೆಯನ್ನು ಮೊದಲ ವರ್ಷದಿಂದಲೇ ಗಟ್ಟಿಯಾಗಿ ಕಲಿಸುವ ಕಾಲೇಜಿಗೆ ಅರ್ಧ ಅಂಕ ಹೆಚ್ಚು ಕೊಡು.

• ಕಾಯ್ದೆ ಬಾಯಿಪಾಠ ಮಾಡು. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮ ಇದು: ಕೋರ್ಸು ಕನಿಷ್ಠ 54 ತಿಂಗಳು, ಮಾಧ್ಯಮ ಇಂಗ್ಲಿಷ್. ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್, ಭಾರತಕ್ಕೆ ಬಂದು ಮತ್ತೆ 12 ತಿಂಗಳು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಆ ದೇಶದ ಪ್ರಜೆಗಳಂತೆಯೇ ಅಲ್ಲಿ ವೈದ್ಯಕೀ ಮಾಡಲು ನಿನಗೂ ಲೈಸೆನ್ಸಿನ ಅರ್ಹತೆ ಸಿಗಬೇಕು. ಈ ಕೊನೆಯ ಷರತ್ತನ್ನು ಏಜೆಂಟರು ನುಂಗಿಬಿಡುತ್ತಾರೆ. ಫಿಲಿಪ್ಪೀನ್ಸಿಗೆ ಹೋದ ಎಷ್ಟೋ ಮಕ್ಕಳು ಸಿಕ್ಕಿಬಿದ್ದದ್ದು ತಿಂಗಳ ಲೆಕ್ಕದಲ್ಲಿ. ಅಲ್ಲಿನ ನಾಲ್ಕು ವರ್ಷದ ಎಂ.ಡಿ. ಅಂದರೆ 48 ತಿಂಗಳು, ಅದಕ್ಕೂ ಮುಂಚಿನ ಬಿ.ಎಸ್. ಪದವಿಯನ್ನು ಆಯೋಗ ಲೆಕ್ಕಕ್ಕೆ ಹಿಡಿಯಲಿಲ್ಲ.

• ‘ನೀಟ್ ಬೇಕಿಲ್ಲ’ ಅಂದವನ ಮುಂದಿನಿಂದ ಎದ್ದು ಬಾ. 2018ರಿಂದ ಹೊರಗೆ ಹೋಗುವವರೂ ನೀಟ್ ಪಾಸಾಗಿರಲೇಬೇಕು.

• ‘ಡಬ್ಲ್ಯು.ಎಚ್.ಓ. ಅಪ್ರೂವ್ಡ್’ ಅಂತ ಹಾಕಿಕೊಂಡಿದ್ದರೆ ನಕ್ಕುಬಿಡು. ವಿಶ್ವ ಆರೋಗ್ಯ ಸಂಸ್ಥೆ ಯಾವ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ. ಜಗತ್ತಿನ ವೈದ್ಯಕೀಯ ಕಾಲೇಜುಗಳ ಡೈರೆಕ್ಟರಿಯಲ್ಲಿ ಹೆಸರಿದೆ ಎಂದರೂ ಕಾಲೇಜು ಇದೆ ಎಂದಷ್ಟೇ ಅರ್ಥ, ಚೆನ್ನಾಗಿದೆ ಎಂದಲ್ಲ. ಕೆರಿಬಿಯನ್ ದ್ವೀಪಗಳದ್ದು ಬೇರೆಯೇ ಕಥೆ. ಗ್ರೆನಡಾದ ಸೇಂಟ್ ಜಾರ್ಜ್ಸ್ 1977ರಿಂದ ನಡೆದಿದೆ, ಅಲ್ಲಿ ಓದಿದವರು ಅಮೆರಿಕದ ಆಸ್ಪತ್ರೆಗಳಲ್ಲಿದ್ದಾರೆ. ಅದರ ಹೆಸರು ಹೇಳಿಕೊಂಡು ಪಕ್ಕದ ದ್ವೀಪದ ಎರಡು ಖೋಲಿಯ ಕಾಲೇಜನ್ನು ಮಾರುವವರಿಗೂ ಕೊರತೆಯಿಲ್ಲ. 2025ರಲ್ಲಿ ಆಯೋಗ ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಲೇಜುಗಳ ಹೆಸರು ಹಿಡಿದೇ ಎಚ್ಚರಿಸಿತು. ಆಯೋಗದ ಇಂಥ ಸೂಚನೆಗಳನ್ನು ನೀನೇ ಕೂತು ಓದು.

• ಮರಳಿ ಬಂದ ಮೇಲಿನ ಪರೀಕ್ಷೆಯನ್ನು ಹೊರಡುವ ಮೊದಲೇ ನೋಡು. ಎಫ್.ಎಂ.ಜಿ.ಇ. 2002ರಿಂದ ಇದೆ. ವರ್ಷಕ್ಕೆರಡು ಸಲ, 300 ಪ್ರಶ್ನೆ, 150 ಅಂಕ ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಹೀಗಿದ್ದೂ ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಸಲ ನಾಲ್ವರಲ್ಲಿ ಒಬ್ಬರೂ ಪಾಸಾಗಿಲ್ಲ. ಮಕ್ಕಳು ದಡ್ಡರೆಂದು ನಾನು ಒಪ್ಪುವುದಿಲ್ಲ. ವಾರ್ಡು ಕಾಣದವರಿಗೆ ವಾರ್ಡಿನ ಪ್ರಶ್ನೆ ಕೇಳಿದರೆ ಏನಾಗಬೇಕೋ ಅದೇ ಆಗುತ್ತಿದೆ. ಪರೀಕ್ಷೆ ನಡೆಸುವ ಮಂಡಳಿ ಕಾಲೇಜುವಾರು ಫಲಿತಾಂಶವನ್ನೂ ಪ್ರಕಟಿಸಿದ್ದುಂಟು. ಸೆಮಿನಾರಿನ ಸೂಟು ಹಾಕಿದವನಿಗೆ ‘ನಿಮ್ಮ ಕಾಲೇಜಿನ ಸಾಲು ಎಲ್ಲಿದೆ ತೋರಿಸ್ರಿ’ ಅನ್ನು.

• ಅಡ್ಡದಾರಿ ತೋರಿಸುವವರಿದ್ದಾರೆ. ಈ ಪರೀಕ್ಷೆ ಪಾಸಾಗದೆಯೇ ರಾಜ್ಯ ಕೌನ್ಸಿಲ್‌ಗಳಲ್ಲಿ ನೋಂದಣಿ ಮಾಡಿಸಿಕೊಂಡ 73 ಮಂದಿಯ ಮೇಲೆ ಸಿ.ಬಿ.ಐ. ಕೇಸು ಹಾಕಿ, 2022ರ ಡಿಸೆಂಬರಿನಲ್ಲಿ 91 ಕಡೆ ದಾಳಿ ಮಾಡಿತು. ನೋಂದಣಿ ಇಲ್ಲದೆ ವೈದ್ಯಕೀ ಮಾಡಿದರೆ ಒಂದು ವರ್ಷದವರೆಗೆ ಜೈಲು ಇಲ್ಲವೆ 5 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು.

• ಈಗ ನಿಮ್ಮಪ್ಪ ಕೇಳಿದ್ದಕ್ಕೆ ಬರುತ್ತೇನೆ: ‘ಅರ್ಧ ಆನ್‌ಲೈನ್ ಮಾಡಿಸ್ತಾರಂತ, ಮನಿಯಾಗ ಇದ್ದು ಓದಬಹುದಲ್ಲ?’ ಆಗದು. ವೈದ್ಯಕೀಯ, ದಂತ, ನರ್ಸಿಂಗ್, ಫಿಸಿಯೋಥೆರಪಿ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯು.ಜಿ.ಸಿ. ಬಿಡುವುದಿಲ್ಲ. ಬರೀ ಆನ್‌ಲೈನಿನಲ್ಲಿ ಕಲಿತ ವೈದ್ಯಕೀಯವನ್ನು ಒಪ್ಪುವುದಿಲ್ಲವೆಂದು ಆಯೋಗ 2022ರ ಫೆಬ್ರವರಿಯಲ್ಲೇ ಹೇಳಿತು. ಕೋವಿಡ್ಡಿನಿಂದಾಗಿ ಚೀನಾಕ್ಕೆ ಮರಳಲಾಗದೆ ಮನೆಯ ಅಟ್ಟದ ಮೇಲೆ ಮೊಬೈಲು ಹಿಡಿದು ಸರ್ಜರಿ ಕಲಿತ ಮಕ್ಕಳು ಆಮೇಲೆ ಎರಡು ಮೂರು ವರ್ಷ ಇಂಟರ್ನ್‌ಶಿಪ್ ಮಾಡಬೇಕಾಯಿತು. ಅವರದೇನೂ ತಪ್ಪಿರಲಿಲ್ಲ, ಪಾಪ.

‘ಫೋನಿನ ಮೇಲೆ ಔಷಧ ಬರೆದುಕೊಡಬಹುದು, ಫೋನಿನ ಮೇಲೆ ಕಲೀಬಾರದೇನು?’ ಎಂದೂ ಕೇಳಿದ. ಚಲೋ ಪ್ರಶ್ನೆ. 2020ರ ಮಾರ್ಚಿನಿಂದ ಟೆಲಿಮೆಡಿಸಿನ್ನಿಗೆ ಕಾಯ್ದೆಯ ಒಪ್ಪಿಗೆ ಇರುವುದು ಖರೆ. ಆದರೆ ಫೋನೆತ್ತುವ ಆ ಡಾಕ್ಟರು ಅದಕ್ಕೂ ಮೊದಲು ಸಾವಿರ ಹೊಟ್ಟೆ ಒತ್ತಿ ನೋಡಿರುತ್ತಾನೆ. ಗುಲ್ಮ ಎಷ್ಟು ಬೆರಳು ಇಳಿದಿದೆ ಎಂಬುದನ್ನು ಬೆರಳಿಗೇ ಕಲಿಸಬೇಕು, ಪಕ್ಕದಲ್ಲಿ ಗುರು ನಿಂತು ‘ಇನ್ನೂ ಕೆಳಗೆ ಒತ್ತು’ ಅಂತ ಗದರಬೇಕು.

ಡಾಕ್ಟರಾದ ಮೇಲೆ ಆಸ್ಪತ್ರೆ ಆಡಳಿತವನ್ನೋ ಸಾರ್ವಜನಿಕ ಆರೋಗ್ಯವನ್ನೋ ದೂರದಿಂದ ಓದು, ಬೇಡ ಅನ್ನುವುದಿಲ್ಲ. ಅಲ್ಲೂ ಹುಷಾರಾಗಿರು. ಇಗ್ನೋ 2006ರಲ್ಲಿ ಶುರುಮಾಡಿದ ಹೃದ್ರೋಗದ ಡಿಪ್ಲೊಮಾವನ್ನು ಆಗಿನ ವೈದ್ಯಕೀಯ ಪರಿಷತ್ತು ಮಾನ್ಯ ಮಾಡಲಿಲ್ಲ, ಎಂ.ಬಿ.ಬಿ.ಎಸ್. ಆದವರೇ ವರ್ಷಗಟ್ಟಲೆ ಅಲೆದಾಡಿದರು. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ರಾಜ್ಯದಾಚೆಯ ಖಾಸಗಿ ಕೇಂದ್ರಗಳ ಮೂಲಕ ಕೋರ್ಸು ನಡೆಸಲು ಹೋಗಿ ಯು.ಜಿ.ಸಿ. ಮಾನ್ಯತೆ ಕಳೆದುಕೊಂಡು, 2018ರಲ್ಲಷ್ಟೇ ಮರಳಿ ಪಡೆಯಿತು. ನಡುವೆ ಸೇರಿದವರ ಸರ್ಟಿಫಿಕೇಟನ್ನು ಯಾರು ಕೇಳಬೇಕು?

• ‘ಎರಡು ವರ್ಷ ಅಲ್ಲಿ ಓದಲಿ, ಆಮೇಲೆ ಟ್ರಾನ್ಸ್‌ಫರ್ ಮಾಡಿಸ್ತೀವಿ’ ಎಂಬುದು ಸುಳ್ಳು. ಇಡೀ ಕೋರ್ಸು ಒಂದೇ ಸಂಸ್ಥೆಯಲ್ಲಿ ಆಗಬೇಕು. ಯುಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಮಕ್ಕಳಿಗೆ ಕೊಟ್ಟ ವಿನಾಯಿತಿ ಯುದ್ಧದ್ದು, ಅದನ್ನೇ ತೋರಿಸಿ ಮೋಸ ಮಾಡುತ್ತಾರೆ. ಅದೇ ಯುದ್ಧದಲ್ಲಿ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ಲಿಗೆ ಬಲಿಯಾದವನು ನಮ್ಮ ಹಾವೇರಿ ಜಿಲ್ಲೆಯ ಹುಡುಗ. ಪಿ.ಯು.ಸಿ.ಯಲ್ಲಿ 97 ಪ್ರತಿಶತ ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಟಿ.ವಿ.ಗಳ ಮುಂದೆ ಹೇಳಿದರು. ಮಕ್ಕಳು ಹೊರಗೆ ಹೋಗುವುದು ಹುಚ್ಚಿನಿಂದಲ್ಲ. ಇಲ್ಲಿನ ಖಾಸಗಿ ಕಾಲೇಜಿನ ಶುಲ್ಕ ಕೋಟಿ ಮುಟ್ಟುವಾಗ ಅರ್ಧಕ್ಕೂ ಕಡಿಮೆಯಲ್ಲಿ ಆಗುತ್ತದೆ ಅಂದರೆ ಯಾವ ತಂದೆಯ ಮನಸ್ಸು ಜಗ್ಗುವುದಿಲ್ಲ?

• ರೊಕ್ಕದ ಲೆಕ್ಕ ಹಾಕುವಾಗ ಬರೀ ಫೀ ಹಿಡಿಯಬೇಡ. ಮರಳಿದ ಮೇಲೆ ಪರೀಕ್ಷೆಯ ಕೋಚಿಂಗು, ಇಂಟರ್ನ್‌ಶಿಪ್ ಸೀಟಿಗೆ ಕಾಯುವ ತಿಂಗಳುಗಳು, ಆ ಹೊತ್ತಿನ ಖೋಲಿ ಬಾಡಿಗೆ, ಸಾಲದ ಬಡ್ಡಿ ಎಲ್ಲ ಸೇರಿಸು. ಹೊಲ ಅಡವಿಡುವ ಮಾತು ಬಂದರೆ ನಿಮ್ಮಪ್ಪ ಮೊದಲು ನನ್ನ ಹತ್ತಿರ ಮಾತಾಡಲಿ.

• ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ನೀನೇ ಹುಡುಕು. ಏಜೆಂಟ್ ಕೊಡುವ ನಂಬರು ಏಜೆಂಟನದೇ. ಪಾಸಾದವರನ್ನು ಒಬ್ಬರನ್ನು ಕೇಳಿದರೆ ಫೇಲಾದವರನ್ನು ಇಬ್ಬರನ್ನು ಕೇಳು, ಕಾಲೇಜಿನ ಗುಣ ಅವರಿಗೇ ಹೆಚ್ಚು ಗೊತ್ತು.

• ಮೂಲ ಅಂಕಪಟ್ಟಿ, ಪಾಸ್‌ಪೋರ್ಟು ಯಾರ ಕೈಗೂ ಕೊಡಬೇಡ. ‘ವೀಸಾಕ್ಕೆ ಬೇಕು, ಇಲ್ಲೇ ಇಟ್ಟು ಹೋಗ್ರಿ’ ಎಂದು ಕೇಳಿದರೆ ಝೆರಾಕ್ಸ್ ಕೊಡು. ಮೂಲ ಪ್ರತಿ ಬೇಕೇ ಬೇಕಾದ ದಿನ ನೀನೇ ಒಯ್ದು ತೋರಿಸಿ ರಸೀದಿ ತಗೋ. ಒಮ್ಮೆ ಅವರ ಕಪಾಟಿಗೆ ಸೇರಿದರೆ, ‘ಬ್ಯಾರೆ ಕಡೆ ಸೇರ್ತೀನಿ’ ಅಂದ ದಿನ ಬಿಡಿಸಿಕೊಳ್ಳಲು ಇನ್ನೊಂದು ಕಂತು ಕಟ್ಟಬೇಕಾಗುತ್ತದೆ.